ಕೂಳೂರಿನಿಂದ ಬಂದ ಕಾರ್ಡ್

ಉಸ್ಮಾನರ ಬ್ಯಾನರ್ ಅಂಗಡಿಯ ಕಂಪ್ಯೂಟರಿಗೆ ಹನ್ನೊಂದು ವರ್ಷ ತುಂಬಿತ್ತು. ದೊಡ್ಡ ಚಿತ್ರ ತೆರೆಯಹೊರಟರೆ ಅದು ಹಟ ಹಿಡಿದ ಎಮ್ಮೆಯಂತೆ ನಿಂತುಬಿಡುತ್ತಿತ್ತು. ಹೊಸದನ್ನು ಕೊಳ್ಳಲು ಹೊರಟ ಅವರನ್ನು ತಡೆದವಳು ಅಕ್ಕನ ಮಗಳು ಫಾಯಿಝಾ. ಭೌತಶಾಸ್ತ್ರದ ಪದವಿ ಮುಗಿಸಿ ಅಂಗಡಿಯ ವಿನ್ಯಾಸದ ಕೆಲಸ ನೋಡಿಕೊಳ್ಳುತ್ತಿದ್ದ ಅವಳು, ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನಷ್ಟೇ ಬದಲಿಸಿದರೆ ಸಾಕೆಂದು ವಾದಿಸಿದಳು. ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಕೂಳೂರಿನ ಜಿತೇಶನಿಂದ ಬಳಸಿದ ಕಾರ್ಡೊಂದನ್ನು, ಅವನ ಮನೆಯಲ್ಲೇ ಓಡಿಸಿ ನೋಡಿ, ಗುರುವಾರ ತಂದಿಟ್ಟಳು.

ಸೋಮವಾರ ಜೋಡಿಸಿದರೆ ಪರದೆ ಕಪ್ಪು. ಉಸ್ಮಾನರು ಜಿತೇಶನಿಗೆ ಫೋನ್ ಮಾಡಿ, ಮೋಸ ಮಾಡಿದೆ ಎಂದು ಬೈದು, ನಾಲ್ಕು ಗಂಟೆಗೆ ಬಂದು ಕೊಂಡೊಯ್ಯಲು ಹೇಳಿಬಿಟ್ಟರು. ಕಾರ್ಡ್ ಸತ್ತದ್ದೇ ಆದರೆ ಜಿತೇಶನ ಹೆಸರು ಕೆಡುತ್ತಿತ್ತು. ಕಣ್ಣಾರೆ ಕಂಡು ತಂದೆನೆಂದ ಫಾಯಿಝಾಳ ಮಾತಿಗೂ ಬೆಲೆ ಉಳಿಯುತ್ತಿರಲಿಲ್ಲ. ಆಗ ಗಂಟೆ ಎರಡು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಅವಳ ನಿಯಮ. ಹಳೆಯ ಕಾರ್ಡನ್ನು ಮರಳಿ ಸಿಕ್ಕಿಸಿದಳು, ಚಿತ್ರ ಬಂತು. ಅಲ್ಲಿಗೆ ಪರದೆ, ಕೇಬಲ್ಲು ಎರಡೂ ನಿರಪರಾಧಿಗಳು. ವಿದ್ಯುತ್ತಿನ ತಂತಿಗೆ ಮೀಟರ್ ಹಿಡಿದಳು. ಹನ್ನೆರಡು ವೋಲ್ಟ್ ಸರಿಯಾಗಿತ್ತು. ಕೂಳೂರಿನ ಕಾರ್ಡನ್ನು ಮತ್ತೆ ಕೂರಿಸಿದಾಗ ಅದರ ಫ್ಯಾನ್ ತಿರುಗಿತು, ಆದರೆ ಕಂಪ್ಯೂಟರ್ ಒಂದು ಉದ್ದ, ಎರಡು ಗಿಡ್ಡ ಸದ್ದು ಮಾಡಿ ತನಗೆ ಕಾರ್ಡೇ ಕಾಣುತ್ತಿಲ್ಲವೆಂದು ದೂರಿತು. ಶಕ್ತಿ ತಲುಪುತ್ತಿದೆ, ಸಂದೇಶ ತಲುಪುತ್ತಿಲ್ಲ. ಹಾಗಾದರೆ ದೋಷವಿರಬೇಕಾದದ್ದು ಕಾರ್ಡೂ ಕಂಪ್ಯೂಟರೂ ಒಂದನ್ನೊಂದು ಮುಟ್ಟುವ ಕಡೆ.

ಕಾರ್ಡನ್ನು ಕಳಚಿ ಬೆಳಕಿಗೆ ಹಿಡಿದಳು. ಚಿನ್ನದ ಬಣ್ಣದ ಅಂಚಿಗೆ ಬ್ಯಾನರ್ ಕತ್ತರಿಸಿದ ಬಿಳಿ ಹುಡಿ ಅಂಟಿಕೊಂಡಿತ್ತು. ಮೂಗಿನ ಹತ್ತಿರ ತಂದಳು. ತೆಂಗಿನೆಣ್ಣೆ.

ಕಡಲ ಗಾಳಿಗೆ ಕಬ್ಬಿಣ ಬಾಳುವುದಿಲ್ಲವೆಂದು ಉಸ್ಮಾನರು ಪ್ರತಿ ಶುಕ್ರವಾರ ನಮಾಝಿಗೆ ಹೊರಡುವ ಮುನ್ನ ಕತ್ತರಿ, ಅಳತೆಪಟ್ಟಿ, ಶಟರಿನ ಬೀಗಗಳಿಗೆಲ್ಲ ಎಣ್ಣೆ ಸವರುವುದು ರೂಢಿ.

"ಮಾಮ, ಇದಕ್ಕೂ ಹಚ್ಚಿದಿರಾ?"

"ಹೌದು. ಮೊದಲೇ ಹಳೆ ಸಾಮಾನು, ತುಕ್ಕು ಹಿಡಿಯಬಾರದೂಂತ ಚೂರು ಹಚ್ಚಿದೆ. ಎಂತ, ಕಮ್ಮಿ ಆಯ್ತಾ?"

ಆ ಎಣ್ಣೆಗೆ ಅಂಟಿದ ಹುಡಿಯೇ ಸಂದೇಶದ ದಾರಿ ಮುಚ್ಚಿತ್ತು. ಫಾಯಿಝಾ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಅಂಚನ್ನು, ಸಣ್ಣ ಕುಂಚದಿಂದ ಅದು ಕೂರುವ ಸೀಳನ್ನು ಶುಚಿಗೊಳಿಸಿದಳು. ಮಾಮ ಚಡಪಡಿಸಿದರೂ ಒಣಗಲೆಂದು ಪೂರಾ ಹತ್ತು ನಿಮಿಷ ಕಾದಳು. ಗುಂಡಿ ಒತ್ತಿದಾಗ ಒಂದೇ ಗಿಡ್ಡ ಸದ್ದು, ಪರದೆ ಬೆಳಗಿತು. ನಂತೂರಿನಲ್ಲಿ ಕಟ್ಟಬೇಕಿದ್ದ ನಲವತ್ತಡಿಯ ಬ್ಯಾನರ್ ತೆರೆಯಲು ಮೊದಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಈಗ ಹತ್ತೊಂಬತ್ತು ಸೆಕೆಂಡು. ಅವಳು ಎರಡು ಸಲ ಅಳೆದಳು.

ಜಿತೇಶ ಮುಖ ಬಿಗಿದುಕೊಂಡೇ ಬಂದ. ಫಾಯಿಝಾ ಬಾಯಿ ತೆರೆಯುವ ಮೊದಲೇ ಉಸ್ಮಾನರು ಎದ್ದು ನಿಂತರು.

"ನಿನ್ನದು ತಪ್ಪಿಲ್ಲ ಮಾರಾಯ. ಎಣ್ಣೆ ಹಚ್ಚಿದ್ದು ನಾನು. ಕಂಡುಹಿಡಿದದ್ದು ಇವಳು, ನಮ್ಮ ಹುಡುಗಿ."

ಜಿತೇಶನ ಮುಖ ನಿಧಾನವಾಗಿ ಸಡಿಲವಾಯಿತು. "ಒಗ್ಗರಣೆ ಹಾಕಲಿಲ್ಲವಲ್ಲ ಉಸ್ಮಾನಾಕ, ಪುಣ್ಯ."

ಮನೆಯಲ್ಲಿ ತಾನೇ ಕೈಬಿಟ್ಟ ಇನ್ನೂ ಮೂರು ಕಾರ್ಡುಗಳಿವೆ, ಇವಳು ನೋಡಬಹುದೇ ಎಂದು ಅವನು ಕೇಳಿದ. ಅವಳಿಗೆ ಪುರುಸೊತ್ತಿಲ್ಲ, ಬೇಕಾದರೆ ಸಾಲಿನಲ್ಲಿ ನಿಲ್ಲು ಎಂದು ಉಸ್ಮಾನರು ಎದೆಯುಬ್ಬಿಸಿ ಉತ್ತರಿಸಿದರು.

ಫಾಯಿಝಾ ಆಗಲೇ ತನ್ನ ಟಿಪ್ಪಣಿ ಪುಸ್ತಕದ ಹೊಸ ಪುಟ ತಿರುವಿ ಜಿತೇಶನತ್ತ ನೋಡಿದ್ದಳು. "ಫ್ಯಾನ್ ತಿರುಗ್ತದಾ? ಸದ್ದು ಎಷ್ಟು ಬರ್ತದೆ? ಒಂದೊಂದರದ್ದೇ ಹೇಳಿ."