ಬೆಣ್ಣೆ ಆದ ಮೇಲೆ ಏನು?

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಆ ಹೆಂಗಸಿಗೆ ಡಿಪೋದವರು ಇಟ್ಟಿದ್ದ ಹೆಸರು ಹದ್ದಮ್ಮ. ಎದುರಿಗೆ ಮೇಡಂ, ಬೆನ್ನ ಹಿಂದೆ ಹದ್ದಮ್ಮ. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಜಂಬವೂ ಇತ್ತು ಅನ್ನಿ. ಬಸ್ಸು ಹತ್ತಿ ಒಂದು ಸಲ ಕಣ್ಣಾಡಿಸಿದರೆ ಸಾಕು, ಟಿಕೆಟ್ ಇಲ್ಲದವರು ಯಾರು ಅಂತ ಅವಳಿಗೆ ತಿಳಿದುಬಿಡುತ್ತಿತ್ತು. ಇದರಲ್ಲಿ ಮಂತ್ರ ಮಾಯ ಏನೂ ಇಲ್ಲ. ಟಿಕೆಟ್ ಇದ್ದವನು ಸುಮ್ಮನೆ ಜೇಬಿಗೆ ಕೈ ಹಾಕುತ್ತಾನೆ. ಇಲ್ಲದವನು ಪ್ರಶ್ನೆ ಕೇಳುತ್ತಾನೆ. ಈ ಬಸ್ಸು ಆಸ್ಪತ್ರೆ ಕಡೆ ಹೋಗುತ್ತಾ ಮೇಡಂ? ಇವತ್ತು ಯಾಕೆ ಇಷ್ಟು ರಶ್ಶು? ಉತ್ತರ ಯಾರಿಗೆ ಬೇಕು, ಮುಂದಿನ ಸ್ಟಾಪ್ ಬರೋವರೆಗೆ ಹೊತ್ತು ತಳ್ಳಬೇಕು, ಅಷ್ಟೆ.

ಇಂಥವಳ ಮನೆಯಲ್ಲೇ, ಅವಳ ಅಡುಗೆಮನೆಯಲ್ಲೇ, ಅವಳಿಗೆ ಗೊತ್ತಿಲ್ಲದ ಹಾಗೆ ಏನೋ ನಡೀತಾ ಇದೆ ಅಂದರೆ ಅವಳಿಗೆ ಹೇಗಾಗಿರಬೇಡ!

ವಿಷಯ ಬಿಸ್ಕತ್ತಿನದು. ಅವಳ ಅತ್ತೆ ಅರ್ಧ ಆಯುಷ್ಯ ಬೇಕರಿಯ ಓವನ್ ಮುಂದೆ ನಿಂತು ಕಳೆದವರು. ಅಳತೆ ಗಿಳತೆ ಇಲ್ಲ, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರೇ ಹದ ತಿಳಿಯುತ್ತಿತ್ತು. ಈಗ ಮಗನ ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡಿದ್ದರು. ಅವರು ಇದ್ದದ್ದಕ್ಕೇ ಹದ್ದಮ್ಮ ನೆಮ್ಮದಿಯಾಗಿ ಕೆಲಸಕ್ಕೆ ಹೋಗುತ್ತಿದ್ದಳು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಅಜ್ಜಿ, ಎರಡನೇ ಕ್ಲಾಸಿನ ಮೊಮ್ಮಗಳು, ಇನ್ನೂ ಸ್ಕೂಲಿಗೆ ಸೇರದ ಮೊಮ್ಮಗ, ಮೂವರೂ ಕೂಡಿ ಬಿಸ್ಕತ್ತು ಮಾಡೋದು ಅಂತ ರೂಢಿ. ಮೊಮ್ಮಗಳಿಗೆ ಮನೆಯಲ್ಲಿ ಗಿಣಿ ಅಂತಲೇ ಹೆಸರು, ಬಾಯಿ ಮುಚ್ಚಿದ್ದೇ ಇಲ್ಲ. ಮೊಮ್ಮಗ ಗುಂಡ.

ಮೊದಲು ಅನುಮಾನ ಬಂದದ್ದು ಗಿಣಿಯ ಮೇಲೆ. ಪಕ್ಕದ ಮನೆ ಬೆಕ್ಕು ಸೀನಿದರೂ ಬಂದು ವರದಿ ಒಪ್ಪಿಸುವ ಹುಡುಗಿ, 'ಇವತ್ತು ಏನೇನು ಮಾಡಿದ್ರಿ?' ಅಂತ ಕೇಳಿದರೆ, 'ಬಿಸ್ಕತ್ತು' ಅಂದು ಬಾಯಿಗೆ ಬೀಗ ಹಾಕಿಕೊಂಡುಬಿಡುತ್ತಿದ್ದಳು. ಹಾಗೆ ಅಂದವಳು ತಮ್ಮನ ಕಡೆ ಒಂದು ನೋಟ ಬೇರೆ ಎಸೆಯುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆಮೇಲೊಂದು ಶನಿವಾರ ಹದ್ದಮ್ಮ ಒಂದು ಬಿಸ್ಕತ್ತು ಕಚ್ಚಿದಳು ನೋಡಿ, ಉಪ್ಪು! ಥೂ, ಸಮುದ್ರವನ್ನೇ ಬಾಯಿಗೆ ಸುರಿದ ಹಾಗೆ. ಮಕ್ಕಳಿಬ್ಬರೂ ಮಾತ್ರ ಎದುರಿಗೆ ಕೂತು ಅದನ್ನೇ ತಿನ್ನುತ್ತಿದ್ದಾರೆ. 'ಚೆನ್ನಾಗಿದೆಯೇನ್ರೋ?' ಅಂದರೆ ತಲೆ ಆಡಿಸುತ್ತಾರೆ, ಕಣ್ಣಲ್ಲಿ ನೀರು. ಸೊಪ್ಪಿನಲ್ಲಿ ಚೂರು ಉಪ್ಪು ಹೆಚ್ಚಾದರೆ ತಟ್ಟೆ ತಳ್ಳುವ ಮಕ್ಕಳು!

ಅದಾದ ಮೇಲೆ ಗಿಣಿಯ ಮುಂಗೈ ಮೇಲೆ ಸುಟ್ಟ ಗೆರೆ. 'ತಾಗಿತು' ಅಂದಳು. ಏನು ತಾಗಿತು, ಹೇಗೆ ತಾಗಿತು, ಊಹೂಂ. ಆವತ್ತು ಹದ್ದಮ್ಮನ ಪಿತ್ತ ನೆತ್ತಿಗೇರಿತ್ತು. 'ನೋಡಿಕೊಳ್ಳೋಕೆ ಆಗದೇ ಇದ್ರೆ ಹೇಳಿಬಿಡಿ ಅತ್ತೆ, ನಾನು ಬೇರೆ ವ್ಯವಸ್ಥೆ ಮಾಡ್ಕೋತೀನಿ' ಅಂತ ಮಕ್ಕಳ ಮುಂದೆಯೇ ಅಂದುಬಿಟ್ಟಳು. ಅತ್ತೆ ನಕ್ಕುಬಿಟ್ಟರು. ಆ ನಗು ಅವಳ ಮೈಯೆಲ್ಲ ಉರಿಸಿತು.

ಅದೇ ವಾರ, ಬಚ್ಚಲಲ್ಲಿ ತಮ್ಮನ ಕೈ ತೊಳೆಸುತ್ತಿದ್ದ ಗಿಣಿಯ ಪಿಸುಮಾತು ಕಿವಿಗೆ ಬಿತ್ತು. 'ಅಮ್ಮನಿಗೆ ಮಾತ್ರ ಹೇಳಬಾರದು. ದೇವರಾಣೆ?'

'ದೇವರಾಣೆ' ಅಂದ ಗುಂಡ.

ಹಾಗಾದರೆ ಇದು ಅತ್ತೆಯ ಕೆಲಸವೇ. ತಾನು ಬಿಸಿಲಲ್ಲಿ ಬಸ್ಸಿಂದ ಬಸ್ಸಿಗೆ ಹಾರುತ್ತಾ ಇದ್ದರೆ, ಇಲ್ಲಿ ಬೆಣ್ಣೆ ಸಕ್ಕರೆ ತೋರಿಸಿ ತನ್ನ ಮಕ್ಕಳನ್ನೇ ತನ್ನ ಮೇಲೆ ಎತ್ತಿಕಟ್ಟುತ್ತಿದ್ದಾರೆ!

ಗಂಡನಿಗೆ ಹೇಳಿದಳು. ಅವನು ಬೂಟಿನ ದಾರ ಕಟ್ಟುತ್ತಾ, 'ನಿನ್ನ ಕಣ್ಣಿಗೆ ದೇವರೂ ಟಿಕೆಟ್ ಇಲ್ಲದೆ ಹತ್ತಿದೋನೇ ಕಣೇ' ಅಂದ.

'ನಗ್ರೀ, ನಗ್ರೀ. ಮಕ್ಕಳು ಕೈ ಬಿಟ್ಟು ಹೋದ ಮೇಲೂ ಹೀಗೇ ನಗ್ತಾ ಇರಿ.'

ಮುಂದಿನ ಶನಿವಾರ ಅವಳು ಅರ್ಧ ದಿನ ರಜೆ ಹಾಕಿದಳು. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಎಂದಿನಂತೆ ಸಮವಸ್ತ್ರ ಹಾಕಿಕೊಂಡು ಹೊರಟು, ಮಧ್ಯಾಹ್ನ ಹಿಂದಿನ ಗಲ್ಲಿಯಿಂದ ಬಂದು, ಬಟ್ಟೆ ಒಗೆಯುವ ಜಾಗದಲ್ಲಿ ಒಣಹಾಕಿದ್ದ ಹೊದಿಕೆಯ ಹಿಂದೆ ನಿಂತಳು. ಅಡುಗೆಮನೆಯ ಕಿಟಕಿ ತೆರೆದಿತ್ತು. ತನ್ನ ಮನೆಗೆ ತಾನೇ ಕಳ್ಳಿಯ ಹಾಗೆ ಬಂದು ನಿಂತಿದ್ದೀನಲ್ಲ ಅಂತ ನಾಚಿಕೆಯೂ ಆಯಿತು.

ಒಳಗೆ ಕಂಡದ್ದಾದರೂ ಏನು? ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಣ್ಣೆ ನಾದುತ್ತಿದ್ದರು. ಗುಂಡ ಸ್ಟೂಲಿನ ಮೇಲೆ ನಿಂತಿದ್ದ, ಮೂಗಿನ ತುದಿಗೆ ಮೈದಾ. ಗಿಣಿ ಉಪ್ಪಿನ ಡಬ್ಬಿಯನ್ನು ಎತ್ತಿ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ಅದು ಯಾಕೋ ಹದ್ದಮ್ಮನಿಗೆ ಹೊಳೆಯಲಿಲ್ಲ.

'ಬೆಣ್ಣೆ ಆದ ಮೇಲೆ ಏನು? ಹೇಳಿ ನೋಡೋಣ' ಅಂದರು ಅತ್ತೆ.

'ಸಕ್ಕರೆ!' ಇಬ್ಬರೂ ಕೂಗಿದರು.

'ಶಹಬ್ಬಾಸ್!' ಅತ್ತೆ ಸಕ್ಕರೆ ಸುರಿದರು. ಕೈ ಗರಗರ ತಿರುಗಿತು. ಎಂಥ ಕೈ ಅದು, ಏನು ಚುರುಕು!

ಅಯ್ಯೋ, ಪಾಠ ಹೇಳಿಕೊಡ್ತಾ ಇದ್ದಾರಲ್ಲ, ಅಂದುಕೊಂಡಳು ಹದ್ದಮ್ಮ. ಇಷ್ಟಕ್ಕೆ ರಜೆ ಹಾಕಿ ಬಂದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಸದ್ದಾಗದಂತೆ ತಿರುಗಿ ಹೋಗಿ ಮುಂಬಾಗಿಲಿಂದ ಬರೋಣ ಅಂತ ಹೆಜ್ಜೆ ಎತ್ತಿದಳು. ಆಗ ಒಳಗಿನ ಸದ್ದು ನಿಂತಿತು.

ತಿರುಗಿ ನೋಡಿದಳು. ಅತ್ತೆ ಬಟ್ಟಲು ಹಿಡಿದುಕೊಂಡು ಹಾಗೇ ನಿಂತಿದ್ದರು. ಬಟ್ಟಲನ್ನು ನೋಡಿದರು, ಕೈಯನ್ನು ನೋಡಿಕೊಂಡರು, ಮತ್ತೆ ಬಟ್ಟಲನ್ನು ನೋಡಿದರು. ಮಕ್ಕಳು ಗಾಬರಿಯಾಗಲಿಲ್ಲ. ಗುಂಡ ಅವರ ತೋಳನ್ನು ಮೆಲ್ಲಗೆ ಜಗ್ಗಿದ.

'ಅಜ್ಜಿ, ಈಗ ನೀನು ಕೇಳ್ಬೇಕು.'

'ಏನು ಕೇಳ್ಬೇಕೋ?'

'ಸಕ್ಕರೆ ಆದ ಮೇಲೆ ಏನು ಅಂತ.'

'ಹೌದಲ್ಲ... ಸಕ್ಕರೆ ಆದ ಮೇಲೆ ಏನು? ಹೇಳಿ ನೋಡೋಣ.'

'ಹಿಟ್ಟು!' ಮಕ್ಕಳು ಚಪ್ಪಾಳೆ ತಟ್ಟಿದರು. ಅತ್ತೆಯ ಮುಖಕ್ಕೆ ಜೀವ ಬಂತು.

ಹದ್ದಮ್ಮ ಮತ್ತೆ ಹೊದಿಕೆಯ ಹಿಂದೆ ಸರಿದಳು. ಇದೆಂಥ ಪಾಠ? ಮೇಷ್ಟರಿಗೆ ಪ್ರಶ್ನೆಯನ್ನೂ ಮಕ್ಕಳೇ ಹೇಳಿಕೊಡಬೇಕಾ? ಅವಳು ನೋಡುತ್ತಲೇ ನಿಂತಳು. ಉಂಡೆ ಕಟ್ಟಿದ್ದಾಯಿತು, ಗುಂಡ ಹೆಬ್ಬೆರಳಿಂದ ಒತ್ತಿದ್ದಾಯಿತು, ತಟ್ಟೆ ಓವನ್ ಒಳಗೆ ಹೋಯಿತು. ಘಮ ಕಿಟಕಿವರೆಗೂ ಬಂತು. ಗಿಣಿ ಗಡಿಯಾರ ನೋಡುತ್ತಾ ಕೂತಿದ್ದವಳು, 'ಆಯ್ತು ಅಜ್ಜಿ' ಅಂದಳು. ಗುಂಡ ಯಾರೂ ಹೇಳದೆಯೇ ಹೋಗಿ ಗೋಡೆಗೆ ಒರಗಿ ನಿಂತ.

ಅತ್ತೆ ಓವನ್ ಬಾಗಿಲು ತೆಗೆದು, ಕೆಂಡದಂಥ ತಟ್ಟೆಗೆ ಬರಿಗೈ ಚಾಚಿದರು.

'ಬಟ್ಟೆ, ಅಜ್ಜಿ! ಬಟ್ಟೆ!' ಗಿಣಿ ತನ್ನ ಪುಟ್ಟ ಕೈಯನ್ನು ಅಜ್ಜಿಯ ಕೈಗೂ ತಟ್ಟೆಗೂ ನಡುವೆ ತೂರಿಸಿದಳು.

ಆ ಸುಟ್ಟ ಗೆರೆ ಹೇಗಾಯಿತು ಅಂತ ಇನ್ನು ಯಾರೂ ಹೇಳಬೇಕಾಗಿರಲಿಲ್ಲ. ಹದ್ದಮ್ಮ ಹೊದಿಕೆ ಕಿತ್ತೆಸೆದು ಒಳಗೆ ನುಗ್ಗಿದಳು, ಮಗಳನ್ನು ಹಿಂದಕ್ಕೆ ಎಳೆದುಕೊಂಡಳು, ಓವನ್ ಆರಿಸಿದಳು.

ಅತ್ತೆ ತಿರುಗಿದರು. 'ಬಂದೆಯೇನೇ? ಬೇಗ ಬಿಟ್ಟರಾ? ಬಸ್ಸೆಲ್ಲ ರಶ್ಶಾ? ಹೊರಗೆ ಬಿಸಿಲೇನು? ಊಟ ಆಯ್ತಾ ನಿಂದು?'

ಒಂದರ ಹಿಂದೆ ಒಂದು ಪ್ರಶ್ನೆ. ಯಾವುದಕ್ಕೂ ಉತ್ತರ ಬೇಕಾಗಿರಲಿಲ್ಲ. ಹದ್ದಮ್ಮನಿಗೆ ಇದು ದಿನಬೆಳಗಾದರೆ ಬಸ್ಸಿನಲ್ಲಿ ಕೇಳುವ ದನಿ. ಎಷ್ಟು ತಿಂಗಳಿಂದ ತನ್ನ ಕಣ್ಣೆದುರೇ ಈ ಪ್ರಶ್ನೆಗಳು ಓಡಾಡುತ್ತಿದ್ದವು! ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗಾಯಿತು ಅವಳ ಕಥೆ.

ಗಿಣಿ ಅಮ್ಮನ ಕೈ ಬಿಡಿಸಿಕೊಂಡು ಹೋಗಿ ಅಜ್ಜಿಯ ಮುಂದೆ ನಿಂತಳು. 'ಆವತ್ತು ಉಪ್ಪು ಹಾಕಿದ್ದು ನಾನೇ ಅಮ್ಮ. ಕೈ ಸುಟ್ಟುಕೊಂಡಿದ್ದೂ ನಾನೇ. ಬೇರೆ ವ್ಯವಸ್ಥೆ ಬೇಡ.'

'ಬೇಡ' ಅಂತ ಗೋಡೆಯ ಹತ್ತಿರದಿಂದಲೇ ಗುಂಡ ಅಳೋಕೆ ಶುರು ಮಾಡಿದ.

ಹದ್ದಮ್ಮನಿಗೆ ಸಿಟ್ಟು, ಭಯ, ನಾಚಿಕೆ, ಎಲ್ಲ ಒಟ್ಟಿಗೇ ಬಂದವು. 'ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ? ಮಗುವಿನ ಕೈ ಸುಟ್ಟಿತಲ್ಲ!'

ಅತ್ತೆ ಗಿಣಿಯ ಕೈ ಹಿಡಿದು ಬೆಳಕಿಗೆ ತಂದು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಬಾಡಿತು.

'ಇವಳ ಕೈ ಯಾವಾಗ ಸುಟ್ಟಿತೇ?'

ಈ ಒಂದು ಪ್ರಶ್ನೆ ಹೊತ್ತು ತಳ್ಳೋದಕ್ಕೆ ಕೇಳಿದ್ದಲ್ಲ. ಅದು ಹದ್ದಮ್ಮನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕು? ಅವಳು ಹೇಳಿದಳು. ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತು, ಮೈದಾ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು. 'ಸಿಕ್ಕಿಬಿದ್ದೆ ಕಣೇ. ನನ್ನನ್ನ ಇಳಿಸಿಬಿಡ್ತೀಯಾ?'

ಹದ್ದಮ್ಮ ತನ್ನ ಸರ್ವೀಸಿನಲ್ಲಿ ಯಾರನ್ನೂ ಬಿಟ್ಟವಳಲ್ಲ. ಬಟ್ಟೆ ತಗೊಂಡು, ತಟ್ಟೆಯನ್ನು ತಾನೇ ಹೊರಗೆ ಎಳೆದು ಕಟ್ಟೆಯ ಮೇಲೆ ಇಟ್ಟಳು.

'ಸುಮ್ನೆ ಕೂತ್ಕೊಳ್ಳಿ ಅತ್ತೆ. ಸೋಮವಾರ ಡಾಕ್ಟರ ಹತ್ತಿರ ಹೋಗೋಣ, ನಿಮ್ಮ ಮಗನೂ ಬರ್ತಾರೆ. ಮಧ್ಯಾಹ್ನ ನಿಮ್ಮ ಜೊತೆಗೆ ಯಾರನ್ನಾದರೂ ಇರಿಸೋಣ. ಶನಿವಾರ ನಾನು ಬೆಳಗಿನ ಪಾಳಿ ಕೇಳ್ತೀನಿ. ಇನ್ನು ಮೇಲೆ ಓವನ್ ನಂದು. ಪಾಠ ನಿಮ್ಮದೇ.'

ಅತ್ತೆ ಕಣ್ಣೊರೆಸಿಕೊಂಡರು. ಗುಂಡನ ಅಳು ಬಿಕ್ಕಳಿಕೆಗೆ ಇಳಿಯಿತು. ಬಿಸ್ಕತ್ತು ಆರಿದ ಮೇಲೆ ನಾಲ್ವರೂ ನೆಲದ ಮೇಲೆ ಕೂತು ತಿಂದರು. ಚೆನ್ನಾಗಿತ್ತು, ನಿಜವಾಗಿಯೂ ಚೆನ್ನಾಗಿತ್ತು. ಅತ್ತೆ ಇನ್ನೊಂದಕ್ಕೆ ಕೈ ಚಾಚಿದವರು, ತಟ್ಟೆಯ ಪಕ್ಕದಲ್ಲಿದ್ದ ಗಿಣಿಯ ಕೈ ಕಂಡು ಗಕ್ಕನೆ ನಿಂತರು. ಮುಖ ಮತ್ತೆ ಹಾಗೇ ಬಾಡಿತು.

'ಅಯ್ಯೋ ಮಗೂ... ಇವಳ ಕೈ ಯಾವಾಗ ಸುಟ್ಟಿತೇ?'

ಮಕ್ಕಳಿಬ್ಬರೂ ತಿನ್ನೋದು ಬಿಟ್ಟು ಅಮ್ಮನ ಮುಖವನ್ನೇ ನೋಡಿದರು.

'ಸುಟ್ಟಿಲ್ಲ ಅತ್ತೆ' ಅಂದಳು ಹದ್ದಮ್ಮ. 'ಗೋಡೆಗೆ ತರಚಿದ್ದು. ನೀವು ತಿನ್ನಿ.'

ಅತ್ತೆ ನಿರಾಳವಾಗಿ ಬಿಸ್ಕತ್ತು ಕಚ್ಚಿದರು. ಗಿಣಿ ಜರುಗಿ ಜರುಗಿ ಬಂದು ಅಮ್ಮನ ತೊಡೆಗೆ ಒತ್ತಿಕೊಂಡು ಕೂತಳು, ಪಕ್ಕದ ಮನೆ ಬೆಕ್ಕು ಇವತ್ತು ಏನು ಮಾಡಿತು ಅಂತ ಹೇಳತೊಡಗಿದಳು.