ಅರ್ಥ ಹೇಳುವವಳು

ಬಾಯಿ ಬಿಡದವಳನ್ನು ತಂದು ನನ್ನ ಕೊರಳಿಗೆ ಕಟ್ಟಿದವರು ನಮ್ಮ ದೊಡ್ಡ ಟೀಚರು ಚನ್ನಮಲ್ಲಮ್ಮನವರು. ಅದಕ್ಕಾಗಿ ನಾನು ಅವರನ್ನು ಮನಸ್ಸಿನಲ್ಲೇ ಬೈದದ್ದು ಅಷ್ಟಿಷ್ಟಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ ಇದೆ. ಅದನ್ನು ಮುಚ್ಚಿಟ್ಟುಕೊಂಡು ಈ ಕಥೆ ಹೇಳುವುದು ನನ್ನಿಂದಾಗದು.

ಆಗಿನ್ನೂ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಕೊಳ್ಳೇಗಾಲದಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದ ಕೆಲವೇ ಹೆಣ್ಣುಮಕ್ಕಳಲ್ಲಿ ನಾನೊಬ್ಬಳು, ಕಾಮಗೆರೆಯ ರುದ್ರಸ್ವಾಮಿಯವರ ಮಗಳು ಗುರುಬಸಮ್ಮ. ನನ್ನನ್ನು ಕಳಿಸುವಾಗ ಅಪ್ಪ ಹಟ್ಟಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ್ದರು. "ಒಂದು ಸಲ ಬುಟ್ಟಿವ್ನಿ ಕಣವ್ವ. ಪಾಸಾದ್ರ ಮೇಡಮ್ಮ ಆಗು, ಯಾರೂ ಬ್ಯಾಡ ಅನ್ನಲ್ಲ. ಫೇಲಾದ್ರ ಬಂದು ಮನೇಲಿರು, ಗಂಡು ನೋಡ್ತೀನಿ. ಇನ್ನೊಂದು ಸಲ ಅನ್ನದು ಇಲ್ಲ."

ನಾನು ಹೆದರಲಿಲ್ಲ. ನನ್ನ ಕನ್ನಡದ ಮೇಲೆ ನನಗೆ ಅಷ್ಟು ನಂಬಿಕೆ. ಬೇರೆಯವರು ನೀರು ಅಂತ ಬರೆದರೆ ನಾನು ಜಲ ಅಂತ ಬರೆಯುವವಳು, ಬೇರೆಯವರು ಜಲ ಅಂದರೆ ನಾನು ಸಲಿಲ ಅನ್ನುವವಳು. ಮನೆಗೆ ಬರೆಯುವ ಕಾಗದವೂ ಹಾಗೇ. ಪುಷ್ಯ ಮಾಸದ ಚಳಿಗೆ ಹಾಸ್ಟೆಲಿನ ನೆಲ ಕೊರೆಯತೊಡಗಿದಾಗ ಅಪ್ಪನಿಗೆ ಬರೆದೆ. "ಶೈತ್ಯಬಾಧಾ ನಿವಾರಣಾರ್ಥವಾಗಿ ಊರ್ಣವಸ್ತ್ರವೊಂದನ್ನು ಶೀಘ್ರವೇ ರವಾನಿಸಬೇಕಾಗಿ ಪ್ರಾರ್ಥನೆ." ಕೇಳಿದ್ದು ಕಂಬಳಿ, ಬಂದದ್ದು ಒಂದು ಡಬ್ಬ ಹುರಿಹಿಟ್ಟು. ಇನ್ನೊಂದು ಕಾಗದ ಬರೆದೆ, ಮೊದಲಿನದಕ್ಕಿಂತ ಘನವಾಗಿ. ತುಪ್ಪ ಬಂತು. ಮಗಳು ಚಳಿ ತಾಳದೆ ತಾನಾಗಿ ಊರಿಗೆ ಬರಲಿ ಅಂತ ಅಪ್ಪ ಹೂಡಿದ ಉಪಾಯ ಇದು ಅಂದುಕೊಂಡು ಹಲ್ಲು ಕಚ್ಚಿದೆ. ನಡುಗುತ್ತ ಹುರಿಹಿಟ್ಟು ತಿಂದೆ.

ವರ್ಷದ ಕೊನೆಗೆ ಗ್ರಾಮ ಸಮೀಕ್ಷೆ ಅಂತ ಒಂದು ಪರೀಕ್ಷೆ. ಮೂರು ಮೂರು ಜನ ಸೇರಿ ಒಂದು ಊರಿಗೆ ಹೋಗಿ, ಅಲ್ಲಿನ ಮನೆ, ಬಾವಿ, ಶಾಲೆ, ಆರೋಗ್ಯ ಎಲ್ಲ ನೋಡಿ ಪ್ರಬಂಧ ಬರೆದು, ಅದನ್ನು ಆ ಊರಿನವರ ಮುಂದೆಯೇ ಹೇಳಬೇಕು. ನನ್ನ ಪಾಲಿಗೆ ಬಂದವರು ಇಬ್ಬರು. ಒಬ್ಬಳು ಯಳಂದೂರಿನ ರಂಗಮ್ಮ. ಕೊಳ್ಳೇಗಾಲದ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದಳು, ಬಾಯಿ ತೆರೆದರೆ ಮುಚ್ಚುವವಳಲ್ಲ. ಇನ್ನೊಬ್ಬಳು ಶಾಗ್ಯದ ಕೆಂಪಾಜಮ್ಮ. ಇವಳು ಬಾಯಿ ತೆರೆಯುವವಳೇ ಅಲ್ಲ. ಪಾಠ ಮಾಡಲು ನಿಲ್ಲಿಸಿದರೆ ಸೀಮೆಸುಣ್ಣ ಹಿಡಿದು ಗೋಡೆ ಕಡೆ ತಿರುಗಿಬಿಡುತ್ತಿದ್ದಳು. ಒಂದು ಸಲ ಮಕ್ಕಳು ನಕ್ಕರೆಂದು ಕ್ಲಾಸು ಬಿಟ್ಟೇ ಓಡಿದ್ದಳು.

"ಮೂವರಿಗೂ ಒಂದೇ ಮಾರ್ಕು" ಅಂದರು ಚನ್ನಮಲ್ಲಮ್ಮನವರು. "ಮೂವರೂ ಜನರ ಮುಂದೆ ಮಾತಾಡಬೇಕು. ಒಬ್ಬಳು ಸುಮ್ಮನಿದ್ದರೂ ಮೂವರೂ ಫೇಲು."

"ಟೀಚರ್, ಕೆಂಪಾಜಮ್ಮ ಮಾತಾಡಲ್ಲ" ಅಂದೆ.

"ಅವಳ ಬಾಯಿ ಬಿಡಿಸೋದೂ ನಿನ್ನ ಪರೀಕ್ಷೆಯೇ ಕಣೆ" ಅಂದು ಅವರು ಹೊರಟೇ ಹೋದರು.

ನಮಗೆ ಸಿಕ್ಕಿದ್ದು ಹನೂರಿನಾಚೆಯ ಒಂದು ಊರು. ಹೆಸರು ಬೇಡ, ಆ ಊರಿನವರು ನನ್ನನ್ನು ಕಂಡರೆ ಈಗಲೂ ಹಲ್ಲು ಕಿರಿಯುತ್ತಾರೆ. ಶಾಲೆಯ ಕೋಣೆಯಲ್ಲಿ ಇಳಿದುಕೊಂಡೆವು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರಲ್ಲ, ನಮ್ಮ ಮೂವರದು ಅದೇ ಪಾಡು. ರಂಗಮ್ಮ ಮನೆ ಎಣಿಸುತ್ತೇನೆಂದು ಹೋಗಿ ಮನೆಮನೆಯಲ್ಲೂ ಮಜ್ಜಿಗೆ ಕುಡಿದು ಬರುತ್ತಿದ್ದಳು. ಕೆಂಪಾಜಮ್ಮ ಹಿತ್ತಿಲುಗಳಲ್ಲಿ ಹೆಂಗಸರ ಜೊತೆ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಅವರು ತಂದು ಹೇಳಿದ್ದನ್ನೆಲ್ಲ ನಾನೊಬ್ಬಳೇ ಕೂತು ಪ್ರಬಂಧ ಮಾಡುತ್ತಿದ್ದೆ.

ಬರೆದದ್ದನ್ನು ಓದಿ ತೋರಿಸಿದಾಗ ಕೆಂಪಾಜಮ್ಮ ಸೆರಗಿನ ತುದಿ ತಿರುಚುತ್ತ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ನಮ್ಮೂರ್ಲಿ ಪುರಾಣ ಓದ್ಸುವಾಗ ನಮ್ಮಪ್ಪ ಪಕ್ಕದಲ್ಲಿ ಕೂತು ಅರ್ಥ ಯೋಳ್ತರೆ. ಇದ್ಕೂ ಅಂಗೇ ಯಾರಾರ ಯೋಳುದ್ರ ಜನಕ್ಕ ತಿಳಿತದ."

"ಇದು ಪುರಾಣ ಅಲ್ಲ, ಸಮೀಕ್ಷೆ" ಅಂತ ಹರಿಹಾಯ್ದೆ. ಅವಳು ಎದ್ದು ಮತ್ತೆ ಅವರೆಕಾಯಿ ಸುಲಿಯಲು ಹೋದಳು. ಮಾತಾಡು ಮಾತಾಡು ಅಂತ ಹೇಳಿ, ಅವಳು ಮಾತಾಡಿದ ಕೂಡಲೇ ಬಾಯಿ ಮುಚ್ಚಿಸಿದ್ದಕ್ಕೆ ರಂಗಮ್ಮ ನನ್ನನ್ನು ಚೆನ್ನಾಗಿ ಆಡಿಕೊಂಡಳು.

ನನ್ನ ಲೆಕ್ಕಾಚಾರವೇ ಬೇರೆ ಇತ್ತು. ಪ್ರಬಂಧವನ್ನು ಉದ್ದಕ್ಕೆ ಎಳೆದಿದ್ದೆ. ನಾನು ಓದಿ ಮುಗಿಸುವ ಹೊತ್ತಿಗೆ ಪರೀಕ್ಷೆಗೆ ಬಂದವರಿಗೆ ಸಾಕುಸಾಕಾಗಬೇಕು. ರಂಗಮ್ಮ ಎರಡು ಮಾತಾಡುವಷ್ಟರಲ್ಲಿ ಅವರು ಎದ್ದು ಬಸ್ಸಿಗೆ ಓಡಬೇಕು. ಕೆಂಪಾಜಮ್ಮನ ಸರದಿ ಬರಲೇ ಕೂಡದು.

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು. ಪರೀಕ್ಷೆಯ ದಿನ ಸಂಜೆ ಊರಿನ ಯಜಮಾನರಾದ ಚಿಕ್ಕಮಾದಪ್ಪನವರ ಜಗಲಿಯ ಮುಂದೆ ಜನ ಸೇರಿದರು. ಚನ್ನಮಲ್ಲಮ್ಮನವರ ಜೊತೆ ಕೊಯಮತ್ತೂರಿನಿಂದ ಬಂದ ಇನ್‌ಸ್ಪೆಕ್ಟರಮ್ಮ ಕೂತಿದ್ದರು. ತಮಿಳಿನವರು, ಕನ್ನಡ ಅಷ್ಟಕ್ಕಷ್ಟೇ. ನಾನು ನಿಂತು ಓದಲು ಮೇಜು ಕೇಳಿದ್ದೆ. ಚಿಕ್ಕಮಾದಪ್ಪನವರು ಅದರ ಬದಲು ಜಮಖಾನ ಹಾಸಿ, ಪುರಾಣದ ಪುಸ್ತಕ ಇಡುವ ಮರದ ಪೀಠ ತಂದು ಮಡಗಿದ್ದರು. ಪಕ್ಕದಲ್ಲಿ ದೀಪ, ತೆಂಗಿನಕಾಯಿ, ಊದುಬತ್ತಿ. ನನ್ನ ಪ್ರಬಂಧಕ್ಕೆ ಅರಿಸಿನ ಕುಂಕುಮ ಬೇರೆ ಹಚ್ಚಿದರು. ಪರವಾಗಿಲ್ಲ, ಊರಿನವರು ವಿದ್ಯೆಗೆ ಮರ್ಯಾದೆ ಕೊಡುತ್ತಾರೆ ಅಂತ ಬೀಗಿದೆ.

ಕೂತು ಓದಲು ಶುರು ಮಾಡಿದೆ. ಜನ ಕೈಮುಗಿದುಕೊಂಡು ಕೇಳಿದರು. "ಗೃಹಾಂಗಣ ಸಮೀಪವರ್ತಿಗಳಾದ ಗೋಮಯರಾಶಿಗಳು ಮಕ್ಷಿಕಾಸಂಕುಲಕ್ಕೆ ಆಶ್ರಯಸ್ಥಾನವಾಗಿ ಸಾಂಕ್ರಾಮಿಕ ವ್ಯಾಧಿಗಳಿಗೆ ಕಾರಣೀಭೂತವಾಗಿರುತ್ತವೆ" ಎಂದು ಓದಿದಾಗ ಮುಂದೆ ಕೂತಿದ್ದ ದೊಡ್ಡಮಾದಮ್ಮ ಎಂಬ ಅಜ್ಜಿ ಕಣ್ಣು ಮುಚ್ಚಿ, ಶಿವಶಿವಾ ಅಂತ ಕೆನ್ನೆ ಬಡಿದುಕೊಂಡಿತು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

"ಓದಿದ್ದು ಬಾಳ ಚೆನ್ನಾಗದ ಕಣವ್ವ" ಅಂದರು ಚಿಕ್ಕಮಾದಪ್ಪನವರು. "ಈಗ ಅರ್ಥ ಯೋಳ್ಸು."

"ಇದು ಕನ್ನಡವೇ ಯಜಮಾನರೇ. ಅರ್ಥ ಬೇಕಾಗಿಲ್ಲ."

"ಅರ್ಥ ಇಲ್ದೆ ಓದದು ನಮ್ಮೂರಲ್ಲಿ ವಾಡಿಕೆ ಇಲ್ಲ. ಓದೋರು ಒಬ್ರು, ಅರ್ಥ ಯೋಳೋರು ಒಬ್ರು. ಯೋಳೋ ತಂಕ ಮುಂದಕ್ಕ ಓದಂಗಿಲ್ಲ."

ನಾನೇ ಹೇಳಲು ಹೊರಟೆ. "ಅಂದರೆ, ಗೃಹಗಳ ನಿಕಟದಲ್ಲಿ ತ್ಯಾಜ್ಯಸಂಚಯವಾಗಿ..." ಹಿಂದೆ ಕೂತ ಹೆಂಗಸರು ಕಿಸಕ್ಕೆಂದರು. ಚನ್ನಮಲ್ಲಮ್ಮನವರು ಹಣೆಗೆ ಕೈ ಹಚ್ಚಿದರು. ಇನ್‌ಸ್ಪೆಕ್ಟರಮ್ಮ ಆಕಳಿಸುತ್ತ ಬ್ಯಾಗಿಗೆ ಕೈ ಹಾಕಿದರು. ನನಗೆ ಹಟ್ಟಿ ಬಾಗಿಲಲ್ಲಿ ನಿಂತ ಅಪ್ಪ ಕಣ್ಣಿಗೆ ಕಟ್ಟಿದರು.

ಆಗ ಯಾರೋ ನನ್ನ ಪಕ್ಕ ಬಂದು ಕೂತರು. ನೋಡಿದರೆ ಕೆಂಪಾಜಮ್ಮ. ಜನರ ಕಡೆ ನೋಡಲಿಲ್ಲ. ಪೀಠದ ಮೇಲಿನ ಹಾಳೆಯನ್ನೇ ನೋಡುತ್ತ, ಅದಕ್ಕೇ ಹೇಳುವವಳಂತೆ ಶುರು ಮಾಡಿದಳು.

"ಏನಂತ ಓದುದ್ರು ಅಂದ್ರ, ತಿಪ್ಪೇನ ಬಾಗಿಲ್ಗೇ ಮಡಿಕಂಡಿದೀರಿ. ನೊಣ ತಿಪ್ಪ ಮ್ಯಾಲ ಕೂತ್ಕತದ. ಅಲ್ಲಿಂದ ಎದ್ದು ಸೀದಾ ನಿಮ್ಮ ಮುದ್ದ ಮ್ಯಾಲ ಕೂತ್ಕತದ. ಅದು ಕಾಲ್ ತೊಳ್ಕಂಡು ಒಳಕ್ಕ ಬರೋ ನೆಂಟ ಅಲ್ಲ."

ಜಗಲಿ ತುಂಬ ನಗು. ದೊಡ್ಡಮಾದಮ್ಮ ಮುಗಿದಿದ್ದ ಕೈ ಕೆಳಗಿಳಿಸಿ, "ಅಯ್ಯೋ ನನ್ ಬಾಯ್ಗ ಮಣ್ಣಾಕ, ತಿಪ್ಪಗಾ ನಾನು ಕೈ ಮುಗುದ್ದು?" ಅಂದಿತು. ಕೆಂಪಾಜಮ್ಮ ಮೊಣಕೈಯಲ್ಲಿ ನನ್ನನ್ನು ತಿವಿದು, "ಮುಂದಕ್ಕ ಓದು" ಅಂತ ಪಿಸುಗುಟ್ಟಿದಳು.

ಓದಿದೆ. ಅವಳು ಅರ್ಥ ಹೇಳಿದಳು. ನಿಂತು ಮಾತಾಡು ಅಂದರೆ ಸಾಯುವ ಹುಡುಗಿ, ಅಪ್ಪನ ಪಕ್ಕ ಕೂತು ಕಲಿತದ್ದನ್ನು ನನ್ನ ಪಕ್ಕ ಕೂತು ನೀರು ಕುಡಿದಷ್ಟು ಸಲೀಸಾಗಿ ಮಾಡುತ್ತಿದ್ದಳು. ಜನ ಹೂಂಗುಟ್ಟಿದಷ್ಟೂ ಅವಳ ದನಿ ಏರಿತು. ರಂಗಮ್ಮ ಸುಮ್ಮನಿರುವ ಪೈಕಿಯೇ? ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ಬೀದಿ, ಬಾವಿ, ತಿಪ್ಪೆ ಎಲ್ಲ ಬರೆದು ತೋರಿಸಿದಳು. ಗಂಡಸರು ತಮ್ಮ ತಮ್ಮ ಮನೆ ಹುಡುಕುತ್ತ ಬಗ್ಗಿ ನಿಂತರು.

"ಈ ದಪ್ಪದ್ದು ಯಾರ್ದು?" ಅಂತ ಚಿಕ್ಕಮಾದಪ್ಪನವರು ಒಂದು ಗುಡ್ಡೆಯನ್ನು ತೋರಿಸಿ ಕೇಳಿದರು. ರಂಗಮ್ಮ ನನ್ನ ಮುಖ ನೋಡಿದಳು, ನಾನು ಹಾಳೆ ನೋಡಿದೆ. ಕೆಂಪಾಜಮ್ಮ ತಲೆ ಎತ್ತಿ ಅವರ ಮುಖವನ್ನೇ ನೋಡುತ್ತ ಹೇಳಿದಳು. "ಊರ್ಗೇ ದೊಡ್ಡಮನೆ ನಿಮ್ದು. ತಿಪ್ಪನೂ ದೊಡ್ಡದೇ ಅಲ್ವಾ ಬುದ್ಧಿ?"

ಚಿಕ್ಕಮಾದಪ್ಪನವರು ಮೀಸೆ ಸವರಿಕೊಂಡರು. "ಅರ್ಥ ಅಂದ್ರ ಇದು" ಅಂದರು. "ಉಗಾದಿ ಒಳ್ಗ ಊರಾಚ್ಗ ಸಾಗುಸ್ತೀನಿ. ಓದವ್ವ."

ಕೊನೆಯ ಭಾಗ ಹೆಣ್ಣುಮಕ್ಕಳ ಓದಿನದು. "ಸ್ತ್ರೀವಿದ್ಯಾಭ್ಯಾಸದ ಅನಿವಾರ್ಯತೆ" ಎಂದು ತಲೆಬರಹ ಓದಿದೆನೋ ಇಲ್ಲವೋ, ಕೆಂಪಾಜಮ್ಮ ಹಾಳೆಯ ಮೇಲೆ ಅಂಗೈ ಇಟ್ಟಳು. "ಇದ್ಕ ಅರ್ಥ ನೀನೇ ಯೋಳು. ಇದು ನಿಂದು."

ಓದಲು ಹಾಳೆ ಇಲ್ಲ. ಎದುರಿಗೆ ಅಷ್ಟು ಜನ. ನನ್ನ ಬಾಯಿಂದ ಬಂದದ್ದು ಕಾಮಗೆರೆಯ ನಮ್ಮ ಅಡುಗೆಮನೆಯ ಮಾತು. "ನಮ್ಮಪ್ಪ ನಂಗ ಒಂದೇ ಸಲ ಓದಾಕ ಬುಟ್ಟವ್ರೆ. ಇದ್ರಲ್ಲಿ ಫೇಲಾದ್ರ ಮನಗೋಗಿ ಗಂಡ್ ನೋಡ ತಂಕ ಒಲೆ ಮುಂದ ಕೂತ್ಕಬೇಕು. ನಂಗ ಅದು ಬ್ಯಾಡ. ಭಯ ಆಯ್ತದ. ಆದ್ರ ನಂಗ ಒಂದ್ ಸಲನಾರ ಸಿಕ್ತು. ನಿಮ್ಮ ಕೂಸ್ಗುಳ್ಗ ಆ ಒಂದ್ ಸಲನೂ ಇಲ್ಲ. ಬುಡಿ, ಒಂದ್ ಸಲ ಬುಡಿ."

ಇದಕ್ಕೆ ಯಾರೂ ಅರ್ಥ ಕೇಳಲಿಲ್ಲ. ಹೆಂಗಸರ ಸಾಲಿನಿಂದ ಚೆಲುವಮ್ಮ ಎಂಬಾಕೆ ಎದ್ದು, ಮಗಳ ಕೈ ಹಿಡಿದು ತಂದು, ಊರಿನ ಮೇಷ್ಟ್ರ ಮುಂದೆ ನಿಲ್ಲಿಸಿದಳು. ಪುರಾಣ ಮುಗಿದಾಗ ಮಾಡುವ ಹಾಗೆ ನನ್ನ ಪ್ರಬಂಧಕ್ಕೆ ಆರತಿ ಎತ್ತಿದರು, ಕಾಯಿ ಒಡೆದರು, ಬೆಲ್ಲ ಹಂಚಿದರು. ಮುಂದಿನ ಅಧ್ಯಾಯ ಯಾವಾಗ ಅಂತ ದೊಡ್ಡಮಾದಮ್ಮ ಕೇಳಿತು. ಇನ್‌ಸ್ಪೆಕ್ಟರಮ್ಮ ಬೆಲ್ಲ ಬಾಯಿಗೆ ಹಾಕಿಕೊಂಡು "ರೊಂಬ ನಲ್ಲಾ ಇರುಕ್ಕು" ಅಂದರು. ತುಂಬ ಚೆನ್ನಾಗಿದೆ ಅನ್ನುವ ಆ ಮಾತು ಬೆಲ್ಲಕ್ಕೆ ಹೇಳಿದ್ದೋ ನಮಗೆ ಹೇಳಿದ್ದೋ ಅಂತ ರಂಗಮ್ಮ ಆಮೇಲೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಚರ್ಚೆ ಮಾಡಿದಳು.

ಹೇಳಿದ್ದು ನಮಗೇ. ಮೂವರೂ ಪಾಸು. ಆದರೆ ಚನ್ನಮಲ್ಲಮ್ಮನವರು ಪ್ರಬಂಧವನ್ನು ನನ್ನ ಕೈಗೇ ವಾಪಸು ಕೊಟ್ಟರು. "ನೀರಿಳಿಯದ ಗಂಟಲಿಗೆ ಕಡುಬು ತುರುಕಿದ್ದೀಯ. ಮೂವರೂ ಕೂತು ಇನ್ನೊಂದು ಸಲ ಬರೀರಿ. ಶಾಲೆಯಲ್ಲಿ ಇಡೋದು ಆ ಪ್ರತಿಯನ್ನೇ."

ಕೂತೆವು. ಕೆಂಪಾಜಮ್ಮ ಹೇಳುವುದು, ನಾನು ಬರೆಯುವುದು. ರಂಗಮ್ಮ ಏನೂ ತಿಳಿಯದವಳ ಹಾಗೆ "ಅಂಗಂದ್ರೇನು?" ಅಂತ ಅಡ್ಡ ಹಾಕುವುದು. ಅವಳು ಕೇಳಿದಲ್ಲೆಲ್ಲ ನಾನು ಒಡೆದು ಬರೆಯಬೇಕು, ಅದು ಕರಾರು. ಜಗಳವೂ ಆಯಿತು. ಮಕ್ಷಿಕಾಸಂಕುಲವನ್ನು ಬಿಡಲಾರೆ ಎಂದು ನಾನು ಊಟ ಬಿಟ್ಟು ಕೂತೆ. ಬೇಕಾದರೆ ನಿನ್ನ ಮಗಳಿಗೆ ಆ ಹೆಸರಿಡು ಅಂದಳು ರಂಗಮ್ಮ. ನಕ್ಕು ನಕ್ಕು ಊಟ ಮಾಡಿದೆ, ನೊಣ ಅಂತ ಬರೆದೆ. ಪ್ರಬಂಧ ಮೊದಲಿನದರ ಕಾಲು ಭಾಗಕ್ಕೆ ಇಳಿಯಿತು. ಕೆಂಪಾಜಮ್ಮ ಅದನ್ನು ಟ್ರೈನಿಂಗಿನ ಎಲ್ಲರೆದುರು ನಿಂತು ಓದಿದಳು, ಗೋಡೆ ಕಡೆ ತಿರುಗಲಿಲ್ಲ. ನನಗೆ ಅಷ್ಟು ಸಂತೋಷ ನನ್ನ ಪಾಸಿನಿಂದಲೂ ಆಗಿರಲಿಲ್ಲ.

ಅದೇ ಹುರುಪಿನಲ್ಲಿ ಅಪ್ಪನಿಗೆ ಕಾರ್ಡು ಬರೆದೆ. "ಅಪ್ಪ, ಪಾಸಾದೆ. ಸೋಮವಾರ ಗಾಡಿ ತಗೊಂಡು ಬಾ. ಅವತ್ತು ನಾನು ಕೇಳಿದ್ದು ಕಂಬಳಿ."

ಸೋಮವಾರ ಅಪ್ಪನೇ ಗಾಡಿ ಹೊಡೆದುಕೊಂಡು ಬಂದರು. ಚೈತ್ರದ ಬಿಸಿಲು, ಎತ್ತುಗಳ ಬಾಯಲ್ಲಿ ನೊರೆ. ಗಾಡಿಯಲ್ಲಿ ಹುಲ್ಲಿನ ಮೇಲೆ ಹೊಸ ಕರಿ ಕಂಬಳಿ ಮಡಿಸಿಟ್ಟಿತ್ತು. ನನ್ನ ಟ್ರಂಕು ಎತ್ತಿಟ್ಟು ಅಪ್ಪ ಜೇಬಿನಿಂದ ಆ ಕಾರ್ಡು ತೆಗೆದರು.

"ನಿನ್ ಕಾಗ್ದ ಬಂದಾಗ್ಲೆಲ್ಲ ಅಂಗಡಿ ಪುಟ್ಟಮಾದಪ್ಪನತ್ರ ಒಯ್ದು ಅರ್ಥ ಯೋಳುಸ್ತಿದ್ದೆ ಕಣವ್ವ. ಅವ್ನು, ಕೂಸು ಏನೋ ಪ್ರಾರ್ಥನೆ ಮಾಡ್ತಾ ಅದ, ಉಪಾಸ ಇರ್ಬೇಕು, ತಿನ್ನಾಕ ಏನಾರ ಕಳ್ಸು ಅಂದ. ಕಳ್ಸುದೆ." ಎತ್ತಿನ ಹಗ್ಗ ಸರಿಮಾಡುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು. "ಚಳಿ ಆಯ್ತದ ಅಂತ ಯೋಳಿದ್ರ ಅವತ್ತೇ ಓಡ್ಬತ್ತಿರ್ನಿಲ್ವಾ? ಇದೊಂದ್ನ ಮಾತ್ರ ನಾನೇ ಓದ್ಕಂಡೆ. ಯಾರ್ನೂ ಕೇಳ್ನಿಲ್ಲ."

ಗಾಡಿಯ ಮರ ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ಕಂಬಳಿಯನ್ನು ಕತ್ತಿನವರೆಗೂ ಹೊದ್ದು, ಕಾಮಗೆರೆ ಬರುವವರೆಗೆ ಬೆವರುತ್ತ ಕೂತಿದ್ದೆ.