ಬಿಟ್ಟು ಬಂದ ಬಿಂದಿಗೆ

ಕೂಕಟ್‌ಪಲ್ಲಿಯ ಆ ಅಪಾರ್ಟ್‌ಮೆಂಟಿನಲ್ಲಿ ಸೋಮವಾರದ ಭಜನೆಗೆ ಒಂದು ಕಟ್ಟುಪಾಡಿತ್ತು. ಯಾರೇ ಪದ ಹಾಡಲಿ, ಶಾಂಭವಿ ಅದರ ಅರ್ಥ ಹೇಳಬೇಕು. ಅರ್ಥ ಹೇಳದೆ ಮಂಗಳ ಹಾಡುವಂತಿಲ್ಲ. ಸಂಗಣ್ಣ ಇದನ್ನು ವಿಚಾರಿಸಿಕೊಂಡೇ ಬಂದಿದ್ದ.

ಇಪ್ಪತ್ತೆರಡು ವರ್ಷದ ಹಿಂದೆ ನಾಂಪಲ್ಲಿ ಸ್ಟೇಷನ್ನಿನಲ್ಲಿ, 'ಚಾ ತರ್ತೀನಿ, ಕೂತಿರು' ಎಂದು ಕೂಸು ಎತ್ತಿಕೊಂಡಿದ್ದ ಶಾಂಭವಿಯನ್ನು ಕೂರಿಸಿ, ಇನ್ನೊಬ್ಬಳ ಬೆನ್ನು ಹತ್ತಿ ಹೋದ ಗಂಡ ಅವನೇ. ಈಗ ಆ ಇನ್ನೊಬ್ಬಳು ಅವನನ್ನು ಹೊರಗೆ ಹಾಕಿದ್ದಳು. ಮನೆಗೆ ಹೋದರೆ ಶಾಂಭವಿ ಬಾಗಿಲು ಹಾಕಿಕೊಂಡಾಳು. ಇಲ್ಲಿ ಹಾಡಿದರೆ ಅವಳು ಬಾಯಿ ಬಿಡಲೇಬೇಕು. 'ಬಾ' ಎಂಬ ಒಂದು ಮಾತಿಗಾಗಿ ಅವನು ಕಣ್ಣು ಮುಚ್ಚಿ ತಮ್ಮೂರ ಹೊಲದ ಪದ ಎತ್ತಿಕೊಂಡ.

ಬಾವಿ ಕಟ್ಟಿಯ ಮ್ಯಾಲ ಬಿಂದಿಗಿ ಬಿಟ್ಟು ಬಂದೆ
ಬ್ಯಾಸಗಿ ಬಿಸಲಾಗ ನೆನಪಾತ, ನನ ಗೆಳತಿ
ಬಾಯಾರಿ ನಿನ್ನ ಹೆಸರಂದೆ

'ಗೆಳತಿ' ಎನ್ನುವಲ್ಲಿ ಶಾಂಭವಿಯ ಕೈತಾಳ ಒಂದು ಪೆಟ್ಟು ತಪ್ಪಿತು. ಮತ್ತೆ ಸರಿಹೋಯಿತು.

ಪಾರ್ವತಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿರಿಯರಾದ ಹಣಮಂತರಾಯರು ತಡೆಯಲಾರದೆ, "ಬಿಂದಿಗಿ ಅಂದ್ರ ಈ ದೇಹ, ಬಾಯಾರಿಕಿ ಅಂದ್ರ ಭಕ್ತಿ..." ಎಂದು ಶುರುಮಾಡಿದರು.

"ಬ್ಯಾಡ್ರಿ ಅಣ್ಣಾರ, ಈ ಪದಕ್ಕ ಅಷ್ಟ ಮ್ಯಾಲ ಹೋಗೂದು ಬ್ಯಾಡ," ಎಂದಳು ಶಾಂಭವಿ. "ಬಿಂದಿಗಿ ಅವಂಗ ಯಾವಾಗ ನೆನಪಾತು? ಮಳಿಗಾಲದಾಗೇನು? ಗಂಟಲ ಒಣಗಿದಾಗ. ಇದು ಬಿಂದಿಗಿ ಪದ ಅಲ್ರಿ, ಗಂಟಲದ ಪದ."

ಎಲ್ಲರೂ ನಕ್ಕರು.

"ಪಶ್ಚಾತ್ತಾಪ ಐತಲ್ರಿ ಅಕ್ಕಾರ?" ಎಂದರು ಪಾರ್ವತಿಬಾಯಿ.

"ಭಾಳ ಐತಿ. ಎಲ್ಲಾ ತನ್ನ ಸಲವಾಗೇ ಐತಿ. ಬಿಂದಿಗಿ ಗತಿ ಏನಾತು ಅಂತ ಒಂದು ಸಾಲರ ಐತೇನು?" ಶಾಂಭವಿ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು. "ಇನ್ನೊಂದು ನುಡಿ ಐತೇನ್ರಿ, ಹಿರ್ಯಾರ?"

ಇರಲಿಲ್ಲ. ಸಂಗಣ್ಣ ತಲೆಯಲ್ಲಾಡಿಸಿದ.

"ಇಲ್ಲಂತ. ಅರ್ಥ ಮುಗೀತು, ಮಂಗಳ ಹಾಡ್ರಿ."

ಮಂಗಳವಾದ ಮೇಲೆ ಹಾರ್ಮೋನಿಯಂ ನುಡಿಸುತ್ತಿದ್ದ ಹುಡುಗಿ ದೊನ್ನೆಯಲ್ಲಿ ಹುಗ್ಗಿ ತಂದಳು. ಅವನದೇ ಹಣೆ, ಅವನದೇ ಮೂಗು. ಹೆಸರು ಸೌಂದರ್ಯಾ ಎಂದು ಇಟ್ಟವನೂ ಅವನೇ.

"ತಗೋರಿ ಕಾಕಾರ, ಇವತ್ತು ನಮ್ಮಪ್ಪನ ಪುಣ್ಯತಿಥಿ. ನಾ ಕೂಸಿದ್ದಾಗ ನಾಂಪಲ್ಲ್ಯಾಗ ಅವ್ವಗ ಚಾ ತರಾಕ ಹೋಗಿ ರೈಲಿಗೆ ಸಿಕ್ಕಬಿಟ್ರಂತ. ಭಾಳ ಪ್ರೀತಿ ಇತ್ತಂತ್ರಿ ನಮ್ಮ ಮ್ಯಾಲ. ಸಂಗಣ್ಣ ಅಂತ ಅವರ ಹೆಸರು. ನಿಮ್ದೇನ್ರಿ?"

ಜಮಖಾನೆ ಸುತ್ತುತ್ತಿದ್ದ ಶಾಂಭವಿ ಅಲ್ಲಿಗೇ ನಿಂತಳು. ತಡೆಯಲಿಲ್ಲ, ಕಣ್ಸನ್ನೆಯನ್ನೂ ಮಾಡಲಿಲ್ಲ. ಸುಮ್ಮನೆ ಕಾದಳು.

ಸಂಗಣ್ಣ ಮಗಳ ಮುಖ ನೋಡಿದ. ರೈಲಿಗೆ ಸಿಕ್ಕು ಸತ್ತ ಆ ಸಂಗಣ್ಣನಷ್ಟು ಒಳ್ಳೆಯವನಾಗಿ ತಾನು ಒಂದು ದಿನವೂ ಬದುಕಿರಲಿಲ್ಲ.

"ಸಿದ್ದರಾಮಪ್ಪ," ಎಂದ.

"ಮುಂದಿನ ಸ್ವಾಮಾರನೂ ಬರ್ರಿ ಸಿದ್ದರಾಮಪ್ಪನೋರ," ಎಂದಳು ಶಾಂಭವಿ, ಜಮಖಾನೆಯನ್ನು ಕಂಕುಳಿಗೇರಿಸುತ್ತ. "ಇದ ಪದ ಹಾಡ್ರಿ. ಅರ್ಥ ನಾ ಹೇಳ್ತೀನಿ."

ಸೌಂದರ್ಯಾ ದೊನ್ನೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದಳು.